ಹೃದಯದ ಒಂದು ಅಣುವಿನ ಎಳೆತ ಎಷ್ಟು? ಅಳೆಯುತ್ತದೆ ಬೆಳಕಿನ ಚಿಮಟ

ಜೊಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ರೈಲು ಮಾರ್ಗದಲ್ಲಿ 37 ಅಡಿಗೆ ಒಂದು ಅಡಿಯಷ್ಟು ಇಳಿಜಾರಿದೆ. ಕೆಳಗಿನಿಂದ ಘಟ್ಟ ಏರುವ ಗಾಡಿಗೆ ಒಂದು ಎಂಜಿನ್ ಸಾಲದೆಂದು ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಜೋಡಿಸುವುದು ಇಲ್ಲಿನ ರೂಢಿ. ಗಾಡಿಗೆ ಒದಗುವ ಒಟ್ಟು ಬಲವನ್ನು ನಿರ್ಧರಿಸುವುದು ಒಂದೊಂದು ಎಂಜಿನ್ನಿನ ಶಕ್ತಿ ಮತ್ತು ಎಂಜಿನ್ನುಗಳ ಸಂಖ್ಯೆ. ಹೃದಯದ ಸ್ನಾಯುವಿನ ಲೆಕ್ಕಾಚಾರವೂ ಹೆಚ್ಚು ಕಡಿಮೆ ಇದೇ.

ಅಲ್ಲಿ ಎಂಜಿನ್ನಿನ ಕೆಲಸ ಮಯೋಸಿನ್ ಎಂಬ ಪ್ರೋಟೀನಿನದು. ಅದರ ತಲೆಭಾಗ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಯನ್ನು ಹಿಡಿದು, ಎಳೆದು, ಬಿಡುತ್ತದೆ. ಈ ಒಂದು ಎಳೆತವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫೈನರ್, ರಾಬರ್ಟ್ ಸಿಮನ್ಸ್ ಮತ್ತು ಜೇಮ್ಸ್ ಸ್ಪುಡಿಚ್ 1994ರಲ್ಲಿ ಅಳೆದರು. ಬಳಸಿದ ಸಾಧನ ಬೆಳಕಿನ ಚಿಮಟ. ಅದನ್ನು ರೂಪಿಸಿದ ಆರ್ಥರ್ ಆಶ್ಕಿನ್ ಅವರಿಗೆ 2018ರಲ್ಲಿ ನೊಬೆಲ್ ಸಂದಿತು.

ಲೇಸರ್ ಕಿರಣವನ್ನು ಒಂದು ಬಿಂದುವಿಗೆ ಕೇಂದ್ರೀಕರಿಸಿದರೆ ಸೂಕ್ಷ್ಮ ಮಣಿಯೊಂದು ಅಲ್ಲಿ ಸೆರೆಯಾಗುತ್ತದೆ. ಇಂಥ ಎರಡು ಮಣಿಗಳ ನಡುವೆ ಆಕ್ಟಿನ್ ಎಳೆಯನ್ನು ಬಿಗಿದು, ಕೆಳಗಿರುವ ಮಯೋಸಿನ್‌ಗೆ ತಾಗಿಸಲಾಗುತ್ತದೆ. ಮಯೋಸಿನ್ ಎಳೆದಾಗ ಮಣಿ ಸರಿಯುತ್ತದೆ. ಬೆಳಕಿನ ಹಿಡಿತ ಸ್ಪ್ರಿಂಗಿನಂತೆ ವರ್ತಿಸುವುದರಿಂದ, ಮಣಿ ಸರಿದ ದೂರದಿಂದ ಬಲವನ್ನು ಲೆಕ್ಕ ಹಾಕಬಹುದು. ತೊಡಕೆಂದರೆ, ನೀರಿನ ಅಣುಗಳ ತಾಡನಕ್ಕೆ ಮಣಿ ಸದಾ ನಡುಗುತ್ತಿರುತ್ತದೆ. ಮಯೋಸಿನ್ ಎಳೆಯನ್ನು ಹಿಡಿದ ಕ್ಷಣ ಆ ನಡುಕ ತಗ್ಗುವುದೇ ಸಂಶೋಧಕರಿಗೆ ಸುಳಿವು. ಅಂದು ದೊರೆತ ಅಂಕಿಗಳು: ಹೆಜ್ಜೆ ಸುಮಾರು 11 ನ್ಯಾನೋಮೀಟರ್, ಬಲ 3ರಿಂದ 4 ಪಿಕೋನ್ಯೂಟನ್. ನೂರು ಗ್ರಾಂ ತೂಕವನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಸರಿಸುಮಾರು ಒಂದು ಪಿಕೋನ್ಯೂಟನ್.

ಇದು ಪ್ರಯೋಗಾಲಯದ ಕುತೂಹಲವಷ್ಟೇ ಅಲ್ಲ. ಮಯೋಸಿನ್ ತಲೆಗಳನ್ನು ಹತೋಟಿಯಲ್ಲಿಡುವ ಪ್ರೋಟೀನೊಂದರ ವಂಶವಾಹಿಯಲ್ಲಿ 25 ಅಕ್ಷರಗಳು ಲೋಪವಾಗಿರುವ ಸ್ಥಿತಿ ದಕ್ಷಿಣ ಏಷ್ಯಾದ ಶೇ 4ರಷ್ಟು ಜನರಲ್ಲಿದ್ದು, ಹೃದಯ ವೈಫಲ್ಯದ ಅಪಾಯದೊಂದಿಗೆ ನಂಟು ಹೊಂದಿದೆ ಎಂದು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಇದ್ದ ತಂಡ 2009ರಲ್ಲಿ ವರದಿ ಮಾಡಿತು. ಹೃದಯಸ್ನಾಯು ರೋಗಗಳ ಅಧ್ಯಯನದಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯೊಂದಿಗೂ ಸ್ಪುಡಿಚ್ ಕೈಜೋಡಿಸಿದ್ದಾರೆ.

ಸ್ನಾಯು ದಪ್ಪಗಾಗುವ ಕಾಯಿಲೆ ತರುವ ಹಲವು ದೋಷಗಳಲ್ಲಿ ಒಂದೊಂದು ಅಣುವಿನ ಎಳೆತ ಅಷ್ಟಾಗಿ ಬದಲಾಗಿರಲಿಲ್ಲ. ಹಾಗಾದರೆ ಬದಲಾಗುವುದು ಕೆಲಸಕ್ಕಿಳಿದ ತಲೆಗಳ ಸಂಖ್ಯೆ ಎಂಬುದು ಸ್ಪುಡಿಚ್ ಅವರ ವಾದ. ವಿಶ್ರಾಂತಿಯಲ್ಲಿರಬೇಕಾದ ತಲೆಗಳೂ ಎಳೆಯತೊಡಗುತ್ತವೆ. ಅಮೆರಿಕದಲ್ಲಿ 2022ರಲ್ಲಿ ಅನುಮತಿ ಪಡೆದ ಮಾವಕಾಮ್ಟೆನ್ ಔಷಧ ಎಳೆಯುವ ತಲೆಗಳ ಸಂಖ್ಯೆಯನ್ನೇ ತಗ್ಗಿಸುತ್ತದೆ. ಆದರೆ ಹೃದಯದ ಸಂಕೋಚನ ಈಗಾಗಲೇ ಕುಗ್ಗಿರುವ ರೋಗಿಗೆ ಅದೇ ಮಾತ್ರೆ ಅಪಾಯಕಾರಿ.