ನಿಸರ್ಗಚಿತ್ರಕ್ಕೆ ಸವಾಲು ಕೂಗುವವರು

ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿಗೂ ಶೇಂಗಾಕ್ಕೂ ಒಣಮೆಣಸಿನಕಾಯಿಗೂ ಲಿಲಾವು ಆಗುವುದನ್ನು ಕಂಡು ಬೆಳೆದ ಹುಬ್ಬಳ್ಳಿಯ ಜನಕ್ಕೆ, ಲಂಡನ್ ನ್ಯೂಯಾರ್ಕುಗಳಲ್ಲಿ ಚಿತ್ರಗಳಿಗೆ ಸವಾಲು ಕೂಗುವ ವ್ಯವಹಾರವು ತೀರ ಅಪರಿಚಿತವೆನಿಸಲಾರದು. ಹಿಂದಿನ ಕಾಲದ ದಲಾಲರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದಂತೆ, ಅಲ್ಲಿಯ ಲಿಲಾವಿನ ಕಂಪನಿಗಳೂ ಇದಕ್ಕಿಂತ ಕೆಳಗೆ ಕೊಡಲೊಲ್ಲೆವೆಂಬ ಒಂದು ಬೆಲೆಯನ್ನು ಮಾರುವವನೊಡನೆ ಗುಟ್ಟಾಗಿ ನಿಶ್ಚಯಿಸಿಕೊಂಡಿರುತ್ತವೆ. ಸುತ್ತಿಗೆ ಬಿದ್ದ ಮೇಲೆ ಕೊಂಡವನಿಂದ ಬೇರೆಯಾಗಿ ದಲಾಲಿಯನ್ನೂ ಎಣಿಸಿಕೊಳ್ಳುತ್ತವೆ. ಆದರೆ ಬ್ಯಾಡಗಿ ಮೆಣಸಿನಕಾಯಿಯನ್ನು ಅಂಗೈಯಲ್ಲಿ ಹಿಸುಕಿ ಅದರ ಬಣ್ಣವನ್ನೂ ಹಸಿಯನ್ನೂ ಅರಿಯುವಂತೆ, ಮೋಡ ಕವಿದ ಬಯಲಿನ ಚಿತ್ರವೊಂದನ್ನು ಅಳೆದು ನೋಡುವ ಉಪಾಯವಿಲ್ಲ. ಆದುದರಿಂದ ಅದರ ಬೆಲೆಯು ಬಹುಮಟ್ಟಿಗೆ ಹುಟ್ಟುವುದು ಚಿತ್ರಪಟದ ಹೊರಗೆ, ಅದು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ವೃತ್ತಾಂತದಲ್ಲಿ.

ಇದಕ್ಕೆ ಹಾಲೆಂಡಿನ ಇಬ್ಬರು ಚಿತ್ರಕಾರರ ಚರಿತ್ರೆಗಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. 1838ರಲ್ಲಿ ಜನಿಸಿದ ಆಂಟನ್ ಮೌವೆ ಎಂಬಾತನು ಬೂದುಬಣ್ಣದ ಆಕಾಶದ ಕೆಳಗೆ ಕುರಿಹಿಂಡುಗಳು ಮೇಯುವ ಬಯಲುಗಳನ್ನು ಬರೆದು ಪ್ರಖ್ಯಾತನಾದನು. ಅವನ ಚಿತ್ರಗಳಿಗೆ ಮುಗಿಬಿದ್ದ ಅಮೆರಿಕದ ಧನಿಕರು, ಕುರಿಗಳು ನೋಡುವವನತ್ತ ಮುಖಮಾಡಿ ಬರುತ್ತಿದ್ದರೆ ಹೆಚ್ಚಿನ ಬೆಲೆಯನ್ನೂ ಬೆನ್ನು ತೋರಿಸಿ ಹೋಗುತ್ತಿದ್ದರೆ ಕಡಿಮೆ ಬೆಲೆಯನ್ನೂ ಕೊಡುತ್ತಿದ್ದರೆಂಬುದು ಆ ಕಾಲದ ಪ್ರಸಿದ್ಧ ಮಾತು. ನಮ್ಮ ಕುರಿಸಂತೆಗಳಲ್ಲಿಯೂ ಇಂಥ ತಾರತಮ್ಯವನ್ನು ನಾನು ಕೇಳಿದ್ದಿಲ್ಲ. ಈ ಮೌವೆಯ ಹತ್ತಿರ 1881–82ರ ಚಳಿಗಾಲದಲ್ಲಿ ಬಣ್ಣ ಬಳಸುವುದನ್ನು ಕಲಿತುಕೊಂಡವನೇ ಅವನ ಹೆಂಡತಿಯ ಕಡೆಯ ಬಂಧು ವಿನ್ಸೆಂಟ್ ವ್ಯಾನ್ ಗೋ. 1888ರಲ್ಲಿ ಗುರುವು ತೀರಿಕೊಂಡ ವಾರ್ತೆಯು ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿದ್ದ ಶಿಷ್ಯನಿಗೆ ತಲುಪಿದಾಗ, ಆಗತಾನೆ ಹೂಬಿಟ್ಟಿದ್ದ ಪೀಚ್ ಮರಗಳನ್ನು ಬರೆದಿದ್ದ ಪಟದ ಮೇಲೆ ಮೌವೆಯ ಸ್ಮರಣೆಗೆಂದು ಬರೆದು ಅವನು ಅದನ್ನು ಗುರುಪತ್ನಿಗೆ ಕಾಣಿಕೆಯಾಗಿ ಕಳುಹಿಸಿಕೊಟ್ಟನು. ಅದೇ ವಸಂತದಲ್ಲಿ, ಅದೇ ಊರಿನ ಹೂದೋಟಗಳನ್ನು ನೋಡಿ ಅವನು ಬರೆದ ಇನ್ನೊಂದು ಚಿತ್ರವು 2022ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಲಿಲಾವಿನಲ್ಲಿ 11 ಕೋಟಿ 70 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಬದುಕಿದ್ದಾಗ ಅವನ ‘ಕೆಂಪು ದ್ರಾಕ್ಷಿತೋಟ’ವು ಬ್ರಸೆಲ್ಸಿನಲ್ಲಿ ತಂದ ಹಣ 400 ಫ್ರಾಂಕು.

ಗುರುವಿನ ಬೆಲೆಯು ಮೊದಲನೆಯ ಮಹಾಯುದ್ಧದ ತರುವಾಯ ಕುಸಿಯಿತು. ಶಿಷ್ಯನದು ಏರುತ್ತಲೇ ಹೋಯಿತು. ಈ ಏರಿಕೆಯ ಹಿಂದೆ ಇದ್ದವಳು ವ್ಯಾನ್ ಗೋನ ತಮ್ಮನ ವಿಧವೆ ಯೋ. ಮಾರಾಟವಾಗದೆ ಉಳಿದ ನೂರಾರು ಚಿತ್ರಗಳನ್ನು ಬಿಸಾಡದೆ, ಒಂದೇ ಸಲಕ್ಕೆ ಮಾರಿಬಿಡದೆ, ಪ್ರದರ್ಶನಗಳಿಗೆ ಕಡವಾಗಿ ಕೊಡುತ್ತ, ಆಯ್ದ ಗಿರಾಕಿಗಳಿಗಷ್ಟೇ ಒಂದೊಂದಾಗಿ ಬಿಡುತ್ತ, 1914ರಲ್ಲಿ ಅಣ್ಣತಮ್ಮಂದಿರ ಪತ್ರಗಳನ್ನು ಅಚ್ಚು ಹಾಕಿಸಿ, ಪ್ರತಿಯೊಂದು ಪಟಕ್ಕೂ ಒಂದು ಕಥೆಯನ್ನು ಅಂಟಿಸಿದವಳು ಆಕೆ. ನಮ್ಮ ದೇಶದಲ್ಲಿಯೂ ಈ ನ್ಯಾಯವೇ ನಡೆಯುತ್ತಿದೆ. 1954ರಲ್ಲಿ ದಿಲ್ಲಿಯಲ್ಲಿ ನಾರ್ವೆಯ ವೈದ್ಯನೊಬ್ಬನ ಕೈಸೇರಿ, ಓಸ್ಲೋದ ಆಸ್ಪತ್ರೆಯೊಂದರ ಗೋಡೆಯ ಮೇಲೆ ದಶಕಗಳ ಕಾಲ ತೂಗಿದ್ದ ಹುಸೇನರ ‘ಗ್ರಾಮಯಾತ್ರೆ’ಯು 2025ರ ಮಾರ್ಚಿನಲ್ಲಿ 1 ಕೋಟಿ 37 ಲಕ್ಷ ಡಾಲರಿಗೆ, ಎಂದರೆ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಚಿತ್ರವು ಎಲ್ಲಿಂದ ಬಂದಿತು, ನಡುವೆ ಎಲ್ಲಿತ್ತು ಎಂಬ ಪ್ರಶ್ನೆಗಳಿಗೆ ಅಲ್ಲಿ ಸಂದೇಹಕ್ಕೆ ಎಡೆಯಿಲ್ಲದ ಉತ್ತರವಿತ್ತು.

ಕನ್ನಡನಾಡಿನಲ್ಲಿ ಹುಟ್ಟಿದ ಚಿತ್ರಕಾರರ ಪೈಕಿ ಈ ಪೇಟೆಗೆ ಸಲೀಸಾಗಿ ಹೊಕ್ಕವರೆಂದರೆ ಉಡುಪಿಯ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು, ಅವರು ಮುಂಬಯಿಯಲ್ಲಿ ನೆಲೆಸಿದ್ದೇ ಅದಕ್ಕೆ ಅರ್ಧ ಕಾರಣ. ಅದಕ್ಕೆ ತೀರ ವಿರುದ್ಧವಾದ ಪ್ರಕರಣ ಕೆ. ವೆಂಕಟಪ್ಪನವರದು. 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಊರಿಗೆ ಮರಳಿ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದ ಈ ಬ್ರಹ್ಮಚಾರಿಯು, ಉದಕಮಂಡಲ ಕೊಡೈಕೆನಾಲುಗಳ ಬೆಟ್ಟಗಳಲ್ಲಿ ಕೂತು, ಮಂಜು ಏಳುವುದನ್ನೂ ಮುಂಗಾರಿನ ಮೋಡ ಒಡೆಯುವುದನ್ನೂ ಜಲವರ್ಣದಲ್ಲಿ ಹಿಡಿದಿಟ್ಟರು. ಕಾಗದದ ಬಿಳುಪನ್ನೇ ಬೆಳಕಾಗಿ ಉಳಿಸಿಕೊಂಡು, ತೆಳುವಾದ ವರ್ಣದ ಪದರಗಳನ್ನು ಒಂದರ ಮೇಲೊಂದು ಹರಿಯಿಸಿ, ಒಣಗುವ ತನಕ ಕಾಯುವ ಆ ಕ್ರಮದಲ್ಲಿ ತಪ್ಪಿದ ಗೆರೆಯನ್ನು ಅಳಿಸಿ ತಿದ್ದುವುದಕ್ಕೆ ಆಸ್ಪದವೇ ಕಡಿಮೆ. ಆ ಚಿತ್ರಗಳ ಎದುರು ನಿಂತವರಿಗೆ, ಇಷ್ಟು ತಾಳ್ಮೆಯ ಮನುಷ್ಯನು ವ್ಯವಹಾರದಲ್ಲಿ ಅಷ್ಟು ನಿಷ್ಠುರನಾಗಿದ್ದನೆಂದರೆ ನಂಬಿಕೆಯೇ ಬಾರದು. ನಾಲ್ವಡಿ ಕೃಷ್ಣರಾಜ ಒಡೆಯರ ಅಪ್ಪಣೆಯಂತೆ ಅರಮನೆಗೆ ಉಬ್ಬುಶಿಲ್ಪಗಳನ್ನು ಮಾಡುತ್ತಿದ್ದ ಅವರು, 1940ರಲ್ಲಿ ಪ್ರಭುಗಳು ಕಾಲವಾಗಿ ಕೆಲಸವು ಅರ್ಧಕ್ಕೆ ನಿಂತ ಮೇಲೆ, ತಮ್ಮ ಶ್ರಮದ ಮೌಲ್ಯಕ್ಕಾಗಿ ಅರಮನೆಯ ಮೇಲೆಯೇ ದಾವೆ ಹೂಡಿ ಸೋತರು. ಕಲೆಗೆ ಬೆಲೆಯನ್ನು ನಿರ್ಣಯಿಸಬೇಕಾದವನು ಕಲಾವಿದನೋ ಆಶ್ರಯದಾತನೋ ಎಂಬ ವ್ಯಾಜ್ಯವನ್ನು ನಮ್ಮಲ್ಲಿ ನ್ಯಾಯಾಸನದ ಮುಂದೆ ತಂದವರು ಎಷ್ಟು ಮಂದಿ ಇದ್ದಾರು! 1965ರಲ್ಲಿ ಅವರು ತೀರಿಕೊಂಡ ಮೇಲೆ ಸರಕಾರವು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯನ್ನು ಕಟ್ಟಿಸಿ ಕೃತಿಗಳನ್ನು ಅಲ್ಲಿರಿಸಿತು. ಜನರಿಗೆ ಅದು ಲಾಭವೇ. ಆದರೆ ಸರಕಾರದ ಗೋಡೆಯನ್ನೇರಿದ ಚಿತ್ರಕ್ಕೆ ಯಾರೂ ಸವಾಲು ಕೂಗಲಾರರು, ಮತ್ತು ಸವಾಲು ಇಲ್ಲದ ಕಡೆ ಪೇಟೆಧಾರಣೆಯೂ ಇಲ್ಲ.

ನಮ್ಮ ಹುಬ್ಬಳ್ಳಿ ಧಾರವಾಡಗಳ ಸಂಗತಿಯೇ ಬೇರೆ. ಈ ಸೀಮೆಯ ಸಾಮಾನ್ಯ ಜನರು ಕಣ್ಣುತುಂಬ ಕಂಡ ಅತ್ಯಂತ ವಿಶಾಲವಾದ ನಿಸರ್ಗಚಿತ್ರಗಳು ನಾಟಕ ಕಂಪನಿಗಳ ಪರದೆಗಳೇ ಆಗಿದ್ದವು. ಕಾಡಿನ ಪರದೆ, ಹೊಳೆಯ ಪರದೆ, ಉದ್ಯಾನದ ಪರದೆಗಳೆಂದು ಹೆಸರಾದ ಅವನ್ನು ಬರೆದವರು ಕೂಲಿ ಪಡೆದು ಹೋದರು. ಪರದೆಗಳು ಗ್ಯಾಸ್‌ಲೈಟಿನ ಮಸಿಗೆ ಕಪ್ಪಾಗಿ, ಬಂಡಿಯಿಂದ ಬಂಡಿಗೆ ಸುತ್ತಿಕೊಂಡು ಸಾಗಿ, ಬಣ್ಣ ಉದುರಿ, ಹರಿದು, ಕಡೆಗೆ ಕಂಪನಿಗಳೊಡನೆ ಮುಗಿದುಹೋದವು. ಇನ್ನೊಂದು ಕಡೆ, 1935ರಲ್ಲಿ ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ತೆರೆದ ಕಲಾಶಾಲೆಯಿಂದ ಮುಂಬಯಿ ಸರಕಾರದ ಚಿತ್ರಕಲಾ ಪರೀಕ್ಷೆಗಳಿಗೆ ಕೂತು ಹೊರಬಿದ್ದವರಲ್ಲಿ ಅನೇಕರು ಹೈಸ್ಕೂಲುಗಳ ಡ್ರಾಯಿಂಗ್ ಮಾಸ್ತರರಾದರು. ಈ ಬಗೆಯ ಮಾಸ್ತರರಿಗೆ ಪಗಾರ ಬರುವುದು ಪಾಠಕ್ಕೆ. ಸ್ವಾಮಿಗಳ ಭಾವಚಿತ್ರಕ್ಕೆ ಮಠದಿಂದ ಸನ್ಮಾನ. ರವಿವಾರ ಸೋಮೇಶ್ವರದ ಕಡೆಗೋ ಕೆಲಗೇರಿ ಕೆರೆಯ ದಂಡೆಗೋ ಹೋಗಿ ಬರೆದ ಜಲವರ್ಣಕ್ಕೆ ಏನೂ ಇಲ್ಲ. ಅವು ಶಿಷ್ಯರ ಮದುವೆಗೂ ಗೆಳೆಯರ ಗೃಹಪ್ರವೇಶಕ್ಕೂ ಕಾಣಿಕೆಯಾಗಿ ಹೋಗುತ್ತವೆ.

ಇಂಥದೊಂದು ಚಿತ್ರವನ್ನು ಮುಂಬಯಿಯ ಲಿಲಾವಿನ ಕಂಪನಿಗೆ ಒಯ್ದವನಿಗೆ ಅಲ್ಲಿ ಮೊದಲು ಎದುರಾಗುವ ಪ್ರಶ್ನೆಗಳು ಚಿತ್ರದ ಚೆಲುವಿಗೆ ಸಂಬಂಧಿಸಿದವಲ್ಲ: ಎಂದು ಕೊಂಡಿರಿ, ರಸೀತಿ ಇದೆಯೇ, ಯಾವ ಪ್ರದರ್ಶನದಲ್ಲಿ ಇಟ್ಟಿದ್ದರು, ಯಾವ ಪುಸ್ತಕದಲ್ಲಿ ಅಚ್ಚಾಗಿದೆ. ಅದನ್ನು ನಮ್ಮಪ್ಪಗ ಮಾಸ್ತರು ಪ್ರೀತಿಲೆ ಕೊಟ್ಟಿದ್ರ್ರೀ ಎನ್ನುವುದೊಂದೇ ಅವನ ಹತ್ತಿರ ಇರುವ ಉತ್ತರ.