ಆಗಂತುಕನಿಗೆ ದಂಡ

2019ನೆಯ ಇಸವಿಯ ಜುಲೈ ತಿಂಗಳಲ್ಲಿ ಜರ್ಮನಿಯಿಂದ ವೆನಿಸ್ ನಗರಕ್ಕೆ ಬಂದಿದ್ದ ಇಬ್ಬರು ಪ್ರವಾಸಿಗರು, ಅಲ್ಲಿಯ ಸುಪ್ರಸಿದ್ಧವಾದ ರಿಯಾಲ್ಟೋ ಸೇತುವೆಯ ಮೆಟ್ಟಿಲ ಬಳಿ ಬೆನ್ನಿನ ಚೀಲಗಳನ್ನು ಇಳಿಸಿ, ಪುಟ್ಟ ಒಲೆಯೊಂದನ್ನು ಹೊರದೆಗೆದು, ಕಾಫಿ ಕಾಸಿಕೊಳ್ಳಲು ತೊಡಗಿದರು. ಪೊಲೀಸರು ಬಂದು 950 ಯೂರೋ ದಂಡ ವಿಧಿಸಿ, ಊರು ಬಿಟ್ಟು ಹೊರಡಿರೆಂದು ಆಜ್ಞಾಪಿಸಿದರು. ನಮ್ಮ ಲೆಕ್ಕದಲ್ಲಿ ಅದು ಅಂದಿಗೆ 70,000 ರೂಪಾಯಿಗಳನ್ನು ಮೀರಿದ ಮೊತ್ತ. ಬೆಳಿಗ್ಗೆ ಎದ್ದೊಡನೆ ಕಾಫಿಯ ಲೋಟವನ್ನು ಕಾಣದಿದ್ದರೆ ಲೋಕವೇ ಶೂನ್ಯವೆಂದು ಬಗೆಯುವ ನಮ್ಮ ಸೀಮೆಯವರಿಗೆ ಈ ವೃತ್ತಾಂತವನ್ನು ಕೇಳಿದಾಗ ಮೊದಲು ಉಕ್ಕುವುದು ಆ ಅಪರಾಧಿಗಳ ಮೇಲಣ ಕನಿಕರವೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ಊರಿನವರ ಕಣ್ಣಿನಿಂದಲೂ ಒಮ್ಮೆ ನೋಡಬೇಕು. ಆ ಕಲ್ಲಿನ ಸೇತುವೆ 1591ರಲ್ಲಿ ಪೂರ್ತಿಯಾದದ್ದು. ಹಳೆಯ ವೆನಿಸಿನಲ್ಲಿ ಇಂದು ನೆಲಸಿರುವವರು 50,000ಕ್ಕೂ ಕಡಮೆ. ವರ್ಷವೊಂದಕ್ಕೆ ಬಂದು ಹೋಗುವವರಾದರೋ ಕೋಟಿಗಳಲ್ಲಿ ಎಣಿಸತಕ್ಕವರು. ಒಬ್ಬನು ಒಲೆ ಹಚ್ಚಿದರೆ ಏನೂ ಆಗದು. ಬಂದವರೆಲ್ಲರೂ 'ನಾನೊಬ್ಬ ಹಚ್ಚಿದರೇನು' ಎಂದುಕೊಂಡರೆ ಆ ಊರು ಉಳಿಯದು. ಅದೇ ವರ್ಷದ ಆಗಸ್ಟಿನಲ್ಲಿ ರೋಮಿನ 'ಸ್ಪ್ಯಾನಿಷ್ ಮೆಟ್ಟಿಲು'ಗಳ ಮೇಲೆ ಕುಳಿತವರನ್ನು ಎಬ್ಬಿಸಿ ಕಳುಹಿಸುವ ಕಟ್ಟಳೆ ಜಾರಿಗೆ ಬಂದು, ಬರಿದೆ ಕುಳಿತದ್ದಕ್ಕೂ ದಂಡ ತೆರಬೇಕಾದಾಗ ಹಲವರು ನಕ್ಕರು. ಮೆಟ್ಟಿಲಿರುವುದು ಕೂಡುವುದಕ್ಕಲ್ಲದೆ ಮತ್ತೇತಕ್ಕೆ ಎಂದು ನಮ್ಮ ದೇವಾಲಯಗಳ ಜಗಲಿ ಸೋಪಾನಗಳನ್ನು ಬಲ್ಲ ನನಗೂ ಅನ್ನಿಸಿತು. ಆದರೂ ಕಟ್ಟಳೆಯ ವಿವೇಕ ಒಂದು ಮಾತು, ಅದನ್ನು ಪರದೇಶದವನ ಮೇಲೆ ಪ್ರಯೋಗಿಸುವ ನ್ಯಾಯ ಮತ್ತೊಂದು ಮಾತು; ನಾನು ಇಲ್ಲಿ ವಿಚಾರಿಸಹೊರಟಿರುವುದು ಎರಡನೆಯದನ್ನು.

ಕಾನೂನನ್ನು ಅರಿಯೆನೆಂಬುದು ಕ್ಷಮೆಗೆ ಕಾರಣವಾಗದು ಎಂಬ ತತ್ತ್ವವನ್ನು ಬಹುಪಾಲು ದೇಶಗಳ ನ್ಯಾಯಾಲಯಗಳು ಒಪ್ಪಿವೆ. ಹುಟ್ಟಿದೂರಿನಲ್ಲಿ ಬೆಳೆದವನಿಗೆ ಈ ತತ್ತ್ವ ಸಲ್ಲುತ್ತದೆ. ಏಕೆಂದರೆ ಅವನು ಕಾನೂನಿನ ಪುಸ್ತಕವನ್ನು ಓದದೆಯೇ, ತಾಯಿಯ ಗದರಿಕೆಯಿಂದ, ನೆರೆಯವರ ಹುಬ್ಬುಗಂಟಿನಿಂದ, ಕಂಡಕ್ಟರನ ಬೈಗುಳಿನಿಂದ ಅದನ್ನು ಕಲಿತಿರುತ್ತಾನೆ. ನಿನ್ನೆ ರಾತ್ರಿ ವಿಮಾನದಿಂದ ಇಳಿದವನಿಗೆ ಇಂಥ ಗುರುಗಳಾರು? ಅಲ್ಪಾಪರಾಧಗಳಲ್ಲಿ ಈ ತೊಡಕು ಹೆಚ್ಚು. ಕಳವು, ಹಲ್ಲೆಗಳು ತಪ್ಪೆಂದು ಯಾವ ದೇಶದವನಿಗೂ ಹೇಳಿಕೊಡಬೇಕಾಗಿಲ್ಲ. ಆದರೆ 1992ರಿಂದ ಸಿಂಗಪುರದೊಳಕ್ಕೆ ಚ್ಯೂಯಿಂಗ್ ಗಮ್ ತರಲಾಗದೆಂಬುದನ್ನೂ, 2008ರಿಂದ ವೆನಿಸಿನ ಸೇಂಟ್ ಮಾರ್ಕ್ ಚೌಕದಲ್ಲಿ ಪಾರಿವಾಳಗಳಿಗೆ ಕಾಳು ಚೆಲ್ಲಲಾಗದೆಂಬುದನ್ನೂ ಮನುಷ್ಯನು ಅಂತರಂಗದ ಪ್ರೇರಣೆಯಿಂದ ತಿಳಿಯುವುದೆಂತು? ಪಕ್ಷಿಗಳಿಗೆ ಕಾಳು ಚೆಲ್ಲುವುದು ನಮ್ಮಲ್ಲಿ ಪುಣ್ಯಕಾರ್ಯ.

ಈ ಸಂದರ್ಭದಲ್ಲಿ ನನಗೆ ಕೌಟಿಲ್ಯನ ನೆನಪಾಗುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದು ಸೇರಿದ ತಾಳೆಯೋಲೆಯ ಕಟ್ಟೊಂದರಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ 'ಅರ್ಥಶಾಸ್ತ್ರ'ದಲ್ಲಿ, ನಗರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವನ್ನು ತೆರೆದು ನೋಡಿದರೆ, ಇಂದಿನ ಪುರಸಭೆಗಳ ದಂಡದ ಪಟ್ಟಿಯೇ ಎದುರಿಗೆ ನಿಂತಂತಾಗುತ್ತದೆ: ಬೀದಿಯಲ್ಲಿ ಕಸಧೂಳನ್ನು ಎಸೆದವನಿಗೆ ಪಣದ ಎಂಟರಲ್ಲೊಂದು ಭಾಗ, ಕೆಸರುನೀರು ನಿಲ್ಲಿಸಿದವನಿಗೆ ಕಾಲು ಪಣ, ಅದೇ ತಪ್ಪು ರಾಜಮಾರ್ಗದಲ್ಲಾದರೆ ಅದರ ಇಮ್ಮಡಿ, ಪುಣ್ಯಸ್ಥಾನ, ಜಲಾಶಯ, ದೇವಗೃಹಗಳ ಬಳಿ ಮಲವಿಸರ್ಜನೆ ಮಾಡಿದವನಿಗೆ ಸ್ಥಳದಿಂದ ಸ್ಥಳಕ್ಕೆ ಏರುತ್ತ ಹೋಗುವ ದಂಡ, ಮೂತ್ರವಾದರೆ ಅದರ ಅರ್ಧ. ಇಷ್ಟು ನಿಷ್ಠುರವಾಗಿ ಲೆಕ್ಕ ಹಾಕಿದ ಆ ಮಹಾಶಯನು ಒಡನೆಯೇ ಒಂದು ಮಾತನ್ನು ಸೇರಿಸುತ್ತಾನೆ: ಔಷಧದಿಂದಲೋ ವ್ಯಾಧಿಯಿಂದಲೋ ಭಯದಿಂದಲೋ ಹಾಗೆ ಮಾಡಿದವರು ದಂಡಾರ್ಹರಲ್ಲ. ಪಟ್ಟಿಗಿಂತ ಈ ಕೊನೆಯ ಮಾತೇ ದೊಡ್ಡದೆಂದು ನನಗೆ ತೋರುತ್ತದೆ. ಏಕೆಂದರೆ ಬೀದಿಯಲ್ಲಿ ನಿಂತ ಕಾವಲುಗಾರನು ಕೈ ಚಾಚುವ ಮುನ್ನ ಕಿವಿ ಕೊಡಬೇಕು, ಸಿಕ್ಕಿಬಿದ್ದವನಿಗೆ 'ಹೀಗಾಯಿತು, ಸ್ವಾಮೀ' ಎಂದು ಹೇಳಿಕೊಳ್ಳುವ ಎಡೆ ಇರಬೇಕು ಎಂಬುದು ಅದರೊಳಗೆ ಅಡಗಿದೆ.

ಪರದೇಶದವನಿಗೆ ಇಂದು ತಪ್ಪಿಹೋಗುತ್ತಿರುವುದು ಈ ಎಡೆಯೇ. ಮೊತ್ತದ ಹಿರಿಮೆ ಕಿರಿಮೆಗಳನ್ನು ಕುರಿತು ಜನ ಜಗಳವಾಡುವಷ್ಟು ಇದನ್ನು ಕುರಿತು ಆಡುವುದಿಲ್ಲ. ಊರಿನವನಾದರೆ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಮನೆಗೆ ಹೋಗಿ, ತಿಳಿದವರನ್ನು ಕೇಳಿ, ಒಪ್ಪಿಗೆಯಾಗದಿದ್ದರೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬಲ್ಲನು. ನಾಳೆ ಬೆಳಿಗ್ಗೆ ವಿಮಾನ ಹಿಡಿಯಬೇಕಾದವನು, ಭಾಷೆ ಬಾರದವನು, ಮಡದಿ ಮಕ್ಕಳನ್ನು ಬೀದಿಯ ಮಗ್ಗುಲಲ್ಲಿ ನಿಲ್ಲಿಸಿಕೊಂಡವನು, ತಾನು ನಿರಪರಾಧಿಯೆಂದು ತನಗೆ ಗೊತ್ತಿದ್ದರೂ ಹಣ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಅವನು ತೆತ್ತದ್ದು ದಂಡವೋ, ಬಿಡುಗಡೆಯ ಬೆಲೆಯೋ?

ಯುರೋಪಿನಲ್ಲಿ ಈ ಪ್ರಶ್ನೆ ನ್ಯಾಯಪೀಠದವರೆಗೂ ಹೋದದ್ದುಂಟು. ರಸ್ತೆ ಸಾರಿಗೆಯ ನಿಯಮಗಳನ್ನು ಮೀರಿದವರು ಬೆಲ್ಜಿಯಂನಲ್ಲಿ ತಪ್ಪೊಂದಕ್ಕೆ 10,000 ಫ್ರಾಂಕುಗಳನ್ನು ಸ್ಥಳದಲ್ಲೇ ತೆತ್ತು ಮುಗಿಸಬಹುದಾಗಿತ್ತು. ವಾದಿಸುತ್ತೇನೆ ಎಂದವನು ಪರದೇಶದವನಾಗಿದ್ದರೆ ಮಾತ್ರ 15,000 ಫ್ರಾಂಕುಗಳ ಠೇವಣಿ ಇಡಬೇಕಾಗಿತ್ತು. ಊರು ಬಿಟ್ಟು ಹೋಗುವವನಿಂದ ಠೇವಣಿ ಕೇಳುವುದು ತಪ್ಪಲ್ಲ, ಆದರೆ ವಾದಿಸಬಯಸಿದನೆಂಬ ಕಾರಣಕ್ಕೆ ಅರೆಪಾಲು ಹೆಚ್ಚು ಕೇಳುವುದು ಅತಿಯಾಯಿತು ಎಂದು 1997ರಲ್ಲಿ ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯ ತೀರ್ಪಿತ್ತಿತು. ಹೊರದೇಶದ ವಾಹನಗಳಿಂದ ಇಮ್ಮಡಿ ಠೇವಣಿ ಕೇಳುತ್ತಿದ್ದ ಇಟಲಿಗೂ 2002ರಲ್ಲಿ ಇದೇ ಬುದ್ಧಿವಾದ ದೊರೆಯಿತು. ಇಲ್ಲಿ ನಮ್ಮ ಮನೆಯ ಮಾತೊಂದನ್ನು ಆಡದಿದ್ದರೆ ತಪ್ಪಾದೀತು. 2018ರ ದರಪಟ್ಟಿಯಂತೆ ಹಂಪಿಯ ಸ್ಮಾರಕಗಳನ್ನು ನೋಡಲು ಭಾರತೀಯನು 40 ರೂಪಾಯಿ ಕೊಟ್ಟರೆ ಹೆಚ್ಚಿನ ವಿದೇಶೀಯರು 600 ಕೊಡಬೇಕು. ಅದು ಶುಲ್ಕ, ಒಲ್ಲದವನು ಹಿಂದಿರುಗಬಹುದು, ಈ ನೆಲದ ತೆರಿಗೆ ತೆತ್ತವನಿಗೆ ರಿಯಾಯಿತಿ ಕೊಟ್ಟೆವೆಂದು ಸಮಾಧಾನ ಹೇಳಲೂಬಹುದು. ದಂಡದಲ್ಲಿ ಇಂಥ ಪಂಕ್ತಿಭೇದಕ್ಕೆ ಅಂಥ ಸಮಾಧಾನವೂ ಇಲ್ಲ.

ಹಾಗಾದರೆ ಎಲ್ಲರಿಗೂ ಒಂದೇ ಮೊತ್ತವೆಂದರೆ ನ್ಯಾಯ ಮುಗಿಯಿತೆ? ಸಿರಿವಂತನಿಗೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ, ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ದಂಡ ಹಾಕಿ ನೋಡಿದ ಇಬ್ಬರು ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ತಡವಾಗಿ ಬರುವವರ ಸಂಖ್ಯೆ ಇಳಿಯುವುದರ ಬದಲು ಹೆಚ್ಚುಕಡಮೆ ಎರಡರಷ್ಟಾಯಿತು. ಮೊದಲು ನಾಚಿಕೆಪಡುತ್ತಿದ್ದವರು ಈಗ ಬೆಲೆ ಕೊಟ್ಟಿದ್ದೇವೆಂದು ನಿರಾಳವಾದರು. ಮತ್ತೆ ಎಂದೂ ಬಾರದ ಊರಿನಲ್ಲಿ ನಾಚಿಕೆ ಮೊದಲೇ ಅಲ್ಪ. ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡವಾದಲ್ಲಿ ಅರಸನಿಗೆ ಸಾವಿರವೆಂದು ಮನುಸ್ಮೃತಿ ಹೇಳಿತು; ಫಿನ್ಲೆಂಡ್ 1921ರಿಂದ ಅವನವನ ದಿನದ ಆದಾಯದ ಮೇಲೆ ದಂಡವನ್ನು ಅಳೆಯುತ್ತಿದೆ. ನೋಕಿಯ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರಿಗೆ ವೇಗಮಿತಿ ಮೀರಿದ್ದಕ್ಕಾಗಿ 2002ರಲ್ಲಿ 1,16,000 ಯೂರೋ ದಂಡ ಬಿದ್ದದ್ದು ಹೀಗೆ. ಅವರು ಮೇಲ್ಮನವಿ ಸಲ್ಲಿಸಿ, ಆದಾಯ ಇಳಿದಿದೆಯೆಂದು ತೋರಿಸಿ, ಅದನ್ನು ಬಹುಮಟ್ಟಿಗೆ ತಗ್ಗಿಸಿಕೊಂಡರು, ಊರಿನಲ್ಲೇ ಇದ್ದರಲ್ಲ! ಪ್ರವಾಸಿಯ ಆದಾಯವನ್ನು ಸೇತುವೆಯ ಮೆಟ್ಟಿಲ ಮೇಲೆ ನಿಂತು ಅಳೆಯುವ ಕೋಲು ಯಾವ ಪೊಲೀಸನ ಬಳಿಯೂ ಇಲ್ಲ.

ಪರದೇಶದಿಂದ ಬಂದವರೆಲ್ಲರೂ ಸಿಕ್ಕಿಬೀಳುವವರೇ ಎಂದೂ ತಿಳಿಯಬಾರದು. ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ತಂತಮ್ಮ ದೇಶಗಳನ್ನು ಪ್ರತಿನಿಧಿಸುತ್ತಿದ್ದ ರಾಯಭಾರಿಗಳೂ ಅವರ ಪರಿವಾರದವರೂ 1997ರಿಂದ 2002ರವರೆಗಿನ ಐದು ವರ್ಷಗಳಲ್ಲಿ, ನಿಲ್ಲಿಸಬಾರದೆಡೆ ವಾಹನ ನಿಲ್ಲಿಸಿ ಪಡೆದು, ಹಣ ಕಟ್ಟದೆ ಬಿಟ್ಟ ದಂಡದ ಚೀಟಿಗಳು ಸುಮಾರು 1,50,000, ಬಾಕಿ 1.8 ಕೋಟಿ ಡಾಲರು. ನಾರ್ವೆ, ಸ್ವೀಡನ್ನುಗಳವರ ಹೆಸರಿನಲ್ಲಿ ಬಾಕಿಯಿರಲಿಲ್ಲ. ತಲೆಯೊಂದಕ್ಕೆ ಲೆಕ್ಕ ಹಾಕಿದರೆ ಕುವೈತಿನವರದು ಎಲ್ಲರಿಗಿಂತ ಹೆಚ್ಚು. 2002ರ ಕೊನೆಯಲ್ಲಿ, ಬಾಕಿಚೀಟಿಗಳು ಮೂರನ್ನು ಮೀರಿದರೆ ವಾಹನದ ರಾಯಭಾರ ಫಲಕವನ್ನೇ ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ದೊರೆತಾಗ, ಅಂಥ ತಪ್ಪುಗಳು ನೂರಕ್ಕೆ 98ರಷ್ಟು ಇಳಿದುಹೋದವು. ಆ ಮಹನೀಯರಲ್ಲಿ ಅನೇಕರು ಅಲ್ಲಿ ವರ್ಷಗಟ್ಟಲೆ ನೆಲಸಿದ್ದವರು, ಭಾಷೆ ಬಲ್ಲವರು, ಫಲಕಗಳನ್ನು ಓದಬಲ್ಲವರು. ವೆನಿಸಿನಲ್ಲಿ ಕಾಫಿ ಕಾಸಲು ಹೊರಟವರಿಗೆ ರಾಯಭಾರ ಫಲಕದ ಆಸರೆಯಿರಲಿಲ್ಲ. ಒಲೆಯನ್ನು ಆರಿಸಿ, ಚೀಲವನ್ನು ಕಟ್ಟಿಕೊಂಡು, ಅದೇ ದಿನ ಊರಿನಿಂದ ಹೊರಬಿದ್ದರು.