ಆರು ಪಂದ್ಯ ಹೊರಗೆ ಕೂತವರು

ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ನಿಂತಿತೆಂದರೆ ಕರೆಂಟು ಹೋಯಿತೆಂದೇ ಅರ್ಥ. ಅಂಥದೊಂದು ಮಧ್ಯಾಹ್ನ ಮೊಬೈಲಿನಲ್ಲಿ ಫಲಿತಾಂಶ ನೋಡಿದೆ. ನನ್ನ ಹೆಸರಿತ್ತು, ಆದರೆ ಆಯ್ಕೆ ಪಟ್ಟಿಯಲ್ಲಲ್ಲ. ಅದರ ಕೆಳಗಿನ ಹೆಚ್ಚುವರಿ ಪಟ್ಟಿಯಲ್ಲಿ, ಮೂರನೆಯದಾಗಿ. ಕಂಡಿಕಿ ಸುತ್ತುತ್ತ ಕೂತಿದ್ದ ಅವ್ವ ‘ಬಂತೇನವಾ?’ ಎಂದಳು. ಬಂತು ಅನ್ನಲೋ ಇಲ್ಲ ಅನ್ನಲೋ ತಿಳಿಯಲಿಲ್ಲ.

ಜಮಖಂಡಿಯಲ್ಲಿ ನಾವು ಮೂವರು ಒಂದು ಬಾಡಿಗೆ ಕೋಣೆಯಲ್ಲಿದ್ದು ಓದುತ್ತೇವೆ. ಒಬ್ಬಳು ಮುಧೋಳದವಳು, ಇನ್ನೊಬ್ಬಳು ಬೀಳಗಿಯವಳು. ಬೀಳಗಿಯವಳಿಗೆ ಆಟದ ಹುಚ್ಚು, ಯಾವ ದೇಶದ ಯಾವ ಆಟವಾದರೂ ಸರಿ. ನನ್ನ ಬಾಡಿದ ಮುಖ ನೋಡಿ ಅವಳು ಅಮೆರಿಕನ್ ಫುಟ್‌ಬಾಲಿನ ಟಾಮ್ ಬ್ರೇಡಿಯ ಕಥೆ ತೆಗೆದಳು. ಆ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಕೈಗೆ ಬಂದ ಕೂಡಲೇ ಯಾರಿಗೆ ಎಸೆಯಬೇಕೆಂದು ಎರಡು ಮೂರು ಸೆಕೆಂಡಿನಲ್ಲಿ ನಿರ್ಧರಿಸುವವ, ತಂಡದ ದಾಳಿ ನಡೆಸುವವ. 2000ರಲ್ಲಿ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗ ಬ್ರೇಡಿಯ ಸರದಿ ಬಂದದ್ದು 199ನೆಯದಾಗಿ. ಮರುವರ್ಷ ಸೆಪ್ಟೆಂಬರಿನಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದರಿಂದ ಇವರಿಗೆ ಅವಕಾಶ ಸಿಕ್ಕಿತು. 2002ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಗೆದ್ದರು. ನಿವೃತ್ತರಾಗುವ ಹೊತ್ತಿಗೆ ಅಂಥವು ಏಳು.

‘ಅಲ್ಲಿ ಯಾರಿಗೋ ಕಾಲ ಕೂಡಿ ಬಂತು, ನನಗೇನು?’ ಅಂದೆ. ಆಗ ಮುಧೋಳದವಳು, ‘ಅಷ್ಟ ದೂರ ಯಾಕ ಹೋಗ್ತಿ? ಹೊಳಿ ದಾಟಿದ್ರ ವಿಜಯಪುರ. ರಾಜೇಶ್ವರಿ ಗಾಯಕವಾಡ ಅವರದ್ದ ನೋಡು’ ಅಂದಳು.

ಹೆಸರು ಗೊತ್ತಿತ್ತು, ಕಥೆ ಗೊತ್ತಿರಲಿಲ್ಲ. ಆ ರಾತ್ರಿ ಕೂತು ಹಳೆಯ ಸುದ್ದಿ, ಸ್ಕೋರ್‌ಕಾರ್ಡು ಎಲ್ಲ ಹುಡುಕಿದೆ.

1991ರ ಜೂನ್ 1ರಂದು ಹುಟ್ಟಿದ ರಾಜೇಶ್ವರಿ ಮೊದಲು ಜಾವೆಲಿನ್ ಎಸೆಯುತ್ತಿದ್ದರು, ಕ್ರಿಕೆಟ್ ಬಂದದ್ದು ಆಮೇಲೆ. ಎಡಗೈ ಸ್ಪಿನ್ನರ್ ಆಗಿ 2014ರ ಜನವರಿಯಲ್ಲಿ ಭಾರತದ ಪರ ಮೊದಲ ಏಕದಿನ ಪಂದ್ಯ ಆಡಿದರು. ಅದೇ ವರ್ಷ ತಂದೆ ತೀರಿಕೊಂಡರು. ಮನೆಯ ಭಾರ ಇವರ ಮೇಲೆ ಬಿತ್ತು.

2017ರಲ್ಲಿ ಇಂಗ್ಲೆಂಡಿನಲ್ಲಿ ವಿಶ್ವಕಪ್. ತಂಡದಲ್ಲಿ ಹೆಸರಿತ್ತು, ಆಡುವ ಹನ್ನೊಂದರಲ್ಲಿ ಇರಲಿಲ್ಲ. ಜೂನ್ 24ರಿಂದ ಜುಲೈ 12ರವರೆಗೆ ಭಾರತ ಆರು ಪಂದ್ಯ ಆಡಿತು. ಆರನ್ನೂ ಇವರು ಹೊರಗೆ ಕೂತು ನೋಡಿದರು. ತಂಡದಲ್ಲಿದ್ದ ಇನ್ನೊಬ್ಬ ಎಡಗೈ ಸ್ಪಿನ್ನರ್ ಏಕ್ತಾ ಬಿಷ್ಟ್. ಅವರು ಡರ್ಬಿಯಲ್ಲಿ ಪಾಕಿಸ್ತಾನದ ಎದುರು 18 ರನ್ನಿಗೆ ಐದು ವಿಕೆಟ್ ಕಿತ್ತರು. ತನ್ನದೇ ಕೆಲಸವನ್ನು ಇನ್ನೊಬ್ಬರು ಅಷ್ಟು ಚೆನ್ನಾಗಿ ಮಾಡುವುದನ್ನು ನೋಡುತ್ತ ಚಪ್ಪಾಳೆ ತಟ್ಟುವುದು ಸುಲಭವಲ್ಲ. ಆಯ್ಕೆಯಾದ ಗೆಳತಿಗೆ ಅಭಿನಂದನೆಯ ಮೆಸೇಜು ಕಳಿಸಲು ನನಗೆ ಎರಡು ದಿನ ಬೇಕಾಯಿತು.

ಭಾರತ ಸತತ ಎರಡು ಪಂದ್ಯ ಸೋತಿತು. ಜುಲೈ 15ರಂದು ಅದೇ ಡರ್ಬಿಯಲ್ಲಿ ನ್ಯೂಜಿಲೆಂಡ್ ಎದುರಾಳಿ. ಗೆದ್ದವರಿಗೆ ಸೆಮಿಫೈನಲ್, ಸೋತವರು ಮನೆಗೆ. ಆ ದಿನ ರಾಜೇಶ್ವರಿಯನ್ನು ಆಡಿಸಿದರು. ಮಿಥಾಲಿ ರಾಜ್ 109 ಹೊಡೆದರು, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70. ಭಾರತ 265. ಆಮೇಲೆ ರಾಜೇಶ್ವರಿ 7.3 ಓವರಿನಲ್ಲಿ 15 ರನ್ ಕೊಟ್ಟು ಐದು ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಲಾರ್ಡ್ಸಿನ ಫೈನಲ್ಲನ್ನು ಭಾರತ ಒಂಬತ್ತು ರನ್ನಿನಿಂದ ಸೋತದ್ದು ಎಲ್ಲರಿಗೂ ನೆನಪಿದೆ.

ಐದು ವಿಕೆಟ್ಟಿಗಿಂತ ನನ್ನನ್ನು ಕಾಡುವುದು ಆ ಮೂರು ವಾರ. ನಾಳೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲದೆ ದಿನವೂ ನೆಟ್ಸಿಗೆ ಹೋಗಿ ಬೌಲ್ ಮಾಡಬೇಕು. ಒಂದು ದಿನ ಬೇಸರಪಟ್ಟು ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲವೇನೋ.

ಊರಿಗೆ ಮರಳಿದ ಮೇಲಿನ ಸಂಗತಿ ಇನ್ನೂ ಇಷ್ಟ. ಆಗ ಸಚಿವರಾಗಿದ್ದ ಎಂ.ಬಿ. ಪಾಟೀಲರು ಕಾರು ಕೊಡಲು ಮುಂದಾದರು. ಕಾರು ಬೇಡ, ನಾವಿರುವುದು ಬಾಡಿಗೆ ಮನೆಯಲ್ಲಿ, ಮನೆಯವರಿಗೊಂದು ಸೂರು ಬೇಕು ಎಂದರು ರಾಜೇಶ್ವರಿ. ತನಗೆ ಏನು ಬೇಕೆಂದು ಇಷ್ಟು ಸ್ಪಷ್ಟವಾಗಿ ಗೊತ್ತಿರುವವರು ನಮ್ಮಲ್ಲಿ ಎಷ್ಟು ಮಂದಿ? ನಾನಂತೂ ಕಂಡ ಅರ್ಜಿಯನ್ನೆಲ್ಲ ತುಂಬಿದವಳು. ಅವರ ಆಟ ಅಲ್ಲಿಗೆ ನಿಲ್ಲಲಿಲ್ಲ. 2022ರ ವಿಶ್ವಕಪ್ಪಿನಲ್ಲಿ ಪಾಕಿಸ್ತಾನದ ಎದುರು 31ಕ್ಕೆ ನಾಲ್ಕು ವಿಕೆಟ್ ಪಡೆದರು, 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು.

ಕ್ರಿಕೆಟ್ಟಿನ ಬೆಂಚು, ನೌಕರಿಯ ಹೆಚ್ಚುವರಿ ಪಟ್ಟಿ ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಅಲ್ಲಿ ಕೋಚ್ ದಿನವೂ ಕಣ್ಣಾರೆ ನೋಡುತ್ತಾರೆ. ನಾನು ಓದುತ್ತಿದ್ದೇನೋ ಮಲಗಿದ್ದೇನೋ ನನ್ನ ಪಟ್ಟಿಗೆ ತಿಳಿಯದು. ಅದಕ್ಕೊಂದು ಅವಧಿಯೂ ಇದೆ. ಮೇಲಿನವರು ಯಾರೂ ನೌಕರಿ ಬಿಡದಿದ್ದರೆ ನನ್ನ ಹೆಸರು ಅಲ್ಲೇ ಸಾಯುತ್ತದೆ. ಅಷ್ಟರಲ್ಲಿ ಸೋದರಮಾವ ಎರಡು ಸಲ ಬಂದು, ‘ಇನ್ನ ಎಷ್ಟ ದಿನ ಓದಸ್ತೀ ಅಕ್ಕಾ?’ ಎಂದು ಅವ್ವನನ್ನು ಕೇಳಿ ಹೋಗಿದ್ದಾರೆ. ಅವ್ವ ಉತ್ತರ ಕೊಡಲಿಲ್ಲ, ಚಹಾ ಕೊಟ್ಟಳು.

ಹೋದ ರವಿವಾರ ಜಮಖಂಡಿಗೆ ಹೊರಟಾಗ ಅವಳು ಮತ್ತೆ ಕಂಡಿಕಿ ಸುತ್ತುತ್ತಿದ್ದಳು. ಕರೆಂಟು ಹೋಗಿತ್ತು, ಮಗ್ಗ ನಿಂತಿತ್ತು. ‘ಮಗ್ಗಾನ ನಡ್ಯಾಕ ಹತ್ತಿಲ್ಲ, ಈಗ್ಯಾಕ ಬೇ?’ ಅಂದೆ.

‘ಕರೆಂಟ್ ಬಂದ ಮ್ಯಾಲೆ ಸುತ್ತಾಕ ಟೈಮ್ ಎಲ್ಲೈತಿ?’ ಎಂದು ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಣಿತದ ಹಳೆಯ ಪ್ರಶ್ನೆಪತ್ರಿಕೆ ತೆಗೆದೆ.